ಫರಂಗಿಪೇಟೆಯ ರಾಯಭಾರಿ

ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿದ್ದ ಶೀನಪ್ಪನ ಹೋಟೆಲಿನಲ್ಲಿ ಯಾರಿಗೂ ಇಲ್ಲ ಎನ್ನುವ ಪದ್ಧತಿ ಇರಲಿಲ್ಲ. ಬಾಣಲೆ ತೊಳೆದು ಕವುಚಿ ಹಾಕಿದ ಮೇಲೆ ಯಾರಾದರೂ ಬಂದು ಗೋಳಿಬಜೆ ಕೇಳಿದರೆ, "ಕೂತುಕೊಳ್ಳಿ, ಈಗ ಆಯಿತು" ಎಂದು ಶೀನಪ್ಪ ಮತ್ತೆ ಒಲೆಗೆ ಸೌದೆ ತುರುಕುತ್ತಿದ್ದ. ಲಾರಿ ಡ್ರೈವರುಗಳು ಬೈದರೂ ನಗುತ್ತಿದ್ದ, ಪೊಲೀಸಿನವರು ಗದರಿಸಿದರೂ ನಗುತ್ತಿದ್ದ. ಗಿರಾಕಿಯ ಬಾಯಿಗೆ ಎದುರು ಬಾಯಿ ಕೊಟ್ಟವನ ಹೋಟೆಲು ಉಳಿಯುವುದಿಲ್ಲ ಎಂಬುದು ಅವನು ಜೀವಮಾನದಲ್ಲಿ ಕಲಿತ ಒಂದೇ ಪಾಠ.

ಅವನ ಮಗಳು ಶಶಿಪ್ರಭಾ ಮಾತ್ರ ತದ್ವಿರುದ್ಧ. ಅವಳು ಮೊದಲು ಕಲಿತ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ, ಬೊಡ್ಚಿ ಎಂದು ತಾಯಿ ಕಾವೇರಮ್ಮ ಹೇಳುತ್ತಿದ್ದಳು. ತುಳುವಿನಲ್ಲಿ ಬೊಡ್ಚಿ ಎಂದರೆ ಬೇಡ. ಶಾಲೆಯ ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಹೂ ಕೊಡುವ ಹುಡುಗಿಯರ ಸಾಲಿನಲ್ಲಿ ನಿಲ್ಲು ಎಂದರೆ ಬೊಡ್ಚಿ, ಹುಡುಗರು ನಿಲ್ಲಲಿ. ನಾರಾವಿಯ ಅಜ್ಜಿಮನೆಯಲ್ಲಿ ಗಂಡಸರ ಪಂಕ್ತಿ ಏಳುವವರೆಗೆ ಕಾಯಬೇಕು ಎಂದರೆ ಬೊಡ್ಚಿ, ನನಗೆ ಈಗ ಹಸಿವಾಗ್ತದೆ.

ಹೋಟೆಲಿನ ಪಕ್ಕದಲ್ಲಿ ಉಮ್ಮರ್ ಎಂಬುವರ ಒಣಮೀನಿನ ಅಂಗಡಿ. ಅವರ ಹೆಣ್ಣುಮಕ್ಕಳ ಜೊತೆ ಆಡಿ ಆಡಿ ಅವಳಿಗೆ ಬ್ಯಾರಿ ಭಾಷೆ ಬಂತು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಚಹಾ ಕುಡಿಯಲು ಬರುವ ಕ್ರಿಸ್ತುವರಿಂದ ಕೊಂಕಣಿ ಬಂತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಒಮ್ಮೆ ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರರ ಜೀಪು ಉಮ್ಮರರ ಮೀನಿನ ಬುಟ್ಟಿಯ ಮೇಲೆ ಹತ್ತಿಬಿಟ್ಟಿತು. ಉಮ್ಮರ್ ಸಿಟ್ಟಿನಲ್ಲಿ ಬ್ಯಾರಿಯಲ್ಲೇ ಶುರು ಮಾಡಿದರು. ಇನ್ಸ್‌ಪೆಕ್ಟರರಿಗೆ ಒಂದಕ್ಷರ ತಿಳಿಯಲಿಲ್ಲ. ಶೀನಪ್ಪ ಮಗಳನ್ನು ಮುಂದೆ ತಳ್ಳಿ, "ಸ್ವಲ್ಪ ಸಿಹಿ ಮಾಡಿ ಹೇಳು" ಎಂದು ಪಿಸುಗುಟ್ಟಿದ.

ಶಶಿಪ್ರಭಾ ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. "ತಪ್ಪು ನಿಮ್ಮದು ಅಂತ ಹೇಳ್ತಾರೆ. ನಷ್ಟ ಕಟ್ಟಿಕೊಡಬೇಕು ಅಂತ ಹೇಳ್ತಾರೆ. ಮತ್ತೆ, ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತಲೂ ಹೇಳ್ತಾರೆ."

ಇನ್ಸ್‌ಪೆಕ್ಟರರು ಹುಡುಗಿಯನ್ನೂ ಉಮ್ಮರರನ್ನೂ ಬುಟ್ಟಿಯನ್ನೂ ನೋಡಿದರು. ಕೊನೆಗೆ ಜೇಬಿಗೆ ಕೈ ಹಾಕಿದರು. ಅವರು ಹೋದ ಮೇಲೆ ಶೀನಪ್ಪ ಗದರಿದ. "ಸಿಹಿ ಮಾಡಿ ಹೇಳು ಅಂದಿದ್ದೆ ನಾನು."

"ಉಮ್ಮರ್ ಬ್ಯಾರಿ ಸಿಹಿಯಾಗಿ ಹೇಳ್ಲಿಲ್ಲ ಅಪ್ಪ" ಎಂದಳು ಶಶಿಪ್ರಭಾ.

ಮೂಡಬಿದಿರೆಯ ಕಾಲೇಜಿನಲ್ಲಿ ಬಿ.ಎ. ಮುಗಿಯುವ ಹೊತ್ತಿಗೆ ನಾರಾವಿಯಿಂದ ಅಣ್ಣು ಮಾವ ಬಂದರು. ಕಾವೇರಮ್ಮನ ಅಣ್ಣ. ಅಳಿಯಕಟ್ಟಿನ ಮನೆತನ, ತಂಗಿಯ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಮಾವನದ್ದು, ಅಪ್ಪನದ್ದಲ್ಲ. ಮಾವ ಗಂಡು ಹುಡುಕಿಯೇ ಬಂದಿದ್ದರು. ಮುಂಬಯಿಯಲ್ಲಿ ಹೋಟೆಲು, ಒಳ್ಳೆಯ ಕುಟುಂಬ, ಹುಡುಗನೂ ಸಭ್ಯ. ಅವಳು ಸಿವಿಲ್ ಸರ್ವೀಸ್ ಪರೀಕ್ಷೆಗೆ ಓದಬೇಕು ಎಂದಳು. ಮಾವ ನಕ್ಕರು. ಗಂಡಿನ ಕಡೆಯವರು ನಾರಾವಿಗೆ ಬಂದ ದಿನ, ಎಲೆಯಡಿಕೆ ತಟ್ಟೆಯ ಸುತ್ತ ಹಿರಿಯರೆಲ್ಲ ಕೂತಿದ್ದಾಗ, ಅವಳು ಹುಡುಗನನ್ನೇ ನೇರವಾಗಿ ಕೇಳಿದಳು.

"ನಾನು ಒಂದು ಪರೀಕ್ಷೆ ಬರೀತೇನೆ. ಪಾಸಾದರೆ ಯಾವ ದೇಶದಲ್ಲಿ ಇರ್ತೇನೋ ಗೊತ್ತಿಲ್ಲ. ನೀವು ಹೋಟೆಲು ಬಿಟ್ಟು ನನ್ನ ಜೊತೆ ಬರ್ತೀರಾ?"

ಹುಡುಗ ಕೆಟ್ಟವನಲ್ಲ. ಸ್ವಲ್ಪ ಯೋಚಿಸಿ, "ಇಲ್ಲ, ಆಗುವುದಿಲ್ಲ" ಎಂದ.

"ನಾನೂ ಅಷ್ಟೇ. ಆಗುವುದಿಲ್ಲ."

ಅಣ್ಣು ಮಾವ ಅಂದಿನಿಂದ ಅವಳ ಜೊತೆ ಮಾತು ಬಿಟ್ಟರು. ಶೀನಪ್ಪ ಒಂದು ವಾರ ಬಾಗಿಲ ಕಡೆ ಬೆನ್ನು ಹಾಕಿ ದೋಸೆ ಹೊಯ್ದ. ಕಾವೇರಮ್ಮ ಮಾತ್ರ ಒಂದು ದಿನ ಅಡುಗೆಮನೆಯಲ್ಲಿ ಮಗಳ ತಲೆಗೆ ಎಣ್ಣೆ ತಟ್ಟುತ್ತ, "ಪಾಸಾಗದಿದ್ದರೆ ನಾನು ನನ್ನ ಅಣ್ಣನ ಮುಖ ಹೇಗೆ ನೋಡ್ಲಿ? ಪಾಸಾಗು" ಎಂದಳು. ಅದಕ್ಕಿಂತ ದೊಡ್ಡ ಆಶೀರ್ವಾದ ಅವಳಿಗೆ ಸಿಗಲಿಲ್ಲ.

ಮೊದಲ ಸಲ ಬಿದ್ದಳು. ಎರಡನೆಯ ಸಲವೂ ಬಿದ್ದಳು. ಬಂಟ್ವಾಳದ ಪೇಟೆಯಲ್ಲಿ ಸಿಕ್ಕವರು, "ಹೇಗಿದ್ದಾರೆ ಕಲೆಕ್ಟರು?" ಎಂದು ಕೇಳಿ ನಗುವುದು ಅಭ್ಯಾಸವಾಯಿತು. ಅವಳು ಕನ್ನಡದಲ್ಲೇ ಬರೆಯುತ್ತಿದ್ದಳು. ಇಂಗ್ಲಿಷಿಗೆ ಬದಲಾಯಿಸು ಎಂದು ಹಿತೈಷಿಗಳೆಲ್ಲ ಹೇಳಿದರು. ಬದಲಾಯಿಸಲಿಲ್ಲ. ಮೂರನೆಯ ಸಲ ದೆಹಲಿಯ ಸಂದರ್ಶನದವರೆಗೆ ಹೋದಳು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ದುಭಾಷಿಯ ಮೂಲಕ ಕೇಳಿದರು, "ವಿದೇಶಾಂಗ ಸೇವೆಯನ್ನು ಮೊದಲ ಆಯ್ಕೆಯಾಗಿ ಬರೆದಿದ್ದೀರಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವವರು ದೇಶದ ಪರವಾಗಿ ಹೇಗೆ ಮಾತಾಡುತ್ತೀರಿ?"

"ಹಿಂಜರಿಕೆ ಅಲ್ಲ ಸರ್" ಎಂದಳು ಶಶಿಪ್ರಭಾ. "ನಮ್ಮ ಊರಿನಲ್ಲಿ ಅರ್ಧ ಮನೆಗಳ ಒಲೆ ಉರಿಯುವುದು ಕೊಲ್ಲಿ ದೇಶಗಳ ದುಡಿಮೆಯಿಂದ. ಅಲ್ಲಿ ಅವರಿಗೆ ಕಷ್ಟ ಬಂದಾಗ ಅವರು ಇಂಗ್ಲಿಷಿನಲ್ಲಿ ಅಳುವುದಿಲ್ಲ. ಅದನ್ನು ಕೇಳಿಸಿಕೊಳ್ಳುವವರು ಒಬ್ಬರಾದರೂ ಬೇಕಲ್ಲ."

ದುಭಾಷಿ ಆ ಮಾತನ್ನು ಹೇಗೆ ದಾಟಿಸಿದನೋ ಅವಳಿಗೆ ತಿಳಿಯದು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಆ ವರ್ಷದ ಪಟ್ಟಿಯಲ್ಲಿ ಅವಳ ಹೆಸರು ಬಂತು. ಸುದ್ದಿ ತಿಳಿದ ದಿನ ಶೀನಪ್ಪ ಹೋಟೆಲಿಗೆ ಬಂದವರಿಗೆಲ್ಲ ಹೋಳಿಗೆ ಹಂಚಿದ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿಸುವಾಗ ಅವನು ಕೊಟ್ಟ ಬುದ್ಧಿವಾದ ಒಂದೇ. "ಅಲ್ಲಿ ಯಾರಿಗೂ ಇಲ್ಲ ಅನ್ಬೇಡ ಮಗಾ."

ತಮಾಷೆಯೆಂದರೆ ದೆಹಲಿಯ ತರಬೇತಿಯಲ್ಲೂ ಅದನ್ನೇ ಕಲಿಸಿದರು. ರಾಜತಾಂತ್ರಿಕರು ಇಲ್ಲ ಎನ್ನಬಾರದು. ನೋಡೋಣ ಎನ್ನಬೇಕು, ವಿಚಾರಿಸುತ್ತೇವೆ ಎನ್ನಬೇಕು. ಕೈರೋದಲ್ಲಿ ಅರಬ್ಬಿ ಕಲಿತಳು. ಆಮೇಲೆ ಒಂದೆರಡು ದೇಶಗಳಲ್ಲಿ ವೀಸಾ, ವ್ಯಾಪಾರ, ಸಾಂಸ್ಕೃತಿಕ ಕಾರ್ಯಕ್ರಮ ಎಂದು ವರ್ಷಗಳು ಕಳೆದವು. ಮದುವೆಯ ಮಾತು ಆಗಾಗ ಬಂತು, ಹೋಯಿತು. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ನೋಡಲಿಲ್ಲ. ಮೇಲಿನವರಿಗೆ ಅವಳ ಕೆಲಸ ಹಿಡಿಸುತ್ತಿತ್ತು, ಮಾತು ಹಿಡಿಸುತ್ತಿರಲಿಲ್ಲ. ವಯಸ್ಸು ಮೂವತ್ತೆಂಟರ ಸುಮಾರಿಗೆ ಕೊಲ್ಲಿಯ ಒಂದು ದೇಶದ ರಾಜಧಾನಿಯಲ್ಲಿ ನಮ್ಮ ರಾಯಭಾರ ಕಚೇರಿಗೆ ಪ್ರಥಮ ಕಾರ್ಯದರ್ಶಿಯಾಗಿ ಬಂದಳು. ಕಾರ್ಮಿಕರ ವಿಭಾಗ ಅವಳ ಕೈಗೆ ಬಂತು. ಅದು ಯಾರೂ ಕೇಳಿ ಪಡೆಯದ ವಿಭಾಗ.

ಅಲ್ಲಿಗೆ ಒಂದು ಮಧ್ಯಾಹ್ನ ಐಸಮ್ಮ ಬಂದಳು.

ಟ್ಯಾಕ್ಸಿಯೊಂದು ಗೇಟಿನ ಮುಂದೆ ಅವಳನ್ನು ಇಳಿಸಿ, ಬಾಡಿಗೆಯನ್ನೂ ಕೇಳದೆ, ಪೊಲೀಸಿನವರು ಕಂಡಾರೆಂಬ ಹೆದರಿಕೆಯಲ್ಲಿ ಹೊರಟುಹೋಯಿತು. ಕಾಲಿಗೆ ಚಪ್ಪಲಿ ಇರಲಿಲ್ಲ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಕಾವಲಿನವರಿಗೆ ಅವಳ ಹರಕು ಹಿಂದಿ ಅರ್ಥವಾಗದೆ ಶಶಿಪ್ರಭಾಳನ್ನು ಕೆಳಗೆ ಕರೆಸಿದರು. ಹೆಂಗಸು ಹಿಂದಿಯಲ್ಲಿ ತಡವರಿಸಿ ತಡವರಿಸಿ, ಕೊನೆಗೆ ತನ್ನಷ್ಟಕ್ಕೆ ಬ್ಯಾರಿಯಲ್ಲಿ, ಇವರಿಗೆ ಏನು ಹೇಳಿ ಏನು ಪ್ರಯೋಜನ ಎಂದು ಗೊಣಗಿದಳು.

"ಪ್ರಯೋಜನ ಉಂಟು, ಹೇಳು" ಎಂದಳು ಶಶಿಪ್ರಭಾ, ಬ್ಯಾರಿಯಲ್ಲೇ.

ಐಸಮ್ಮ ಬೆಚ್ಚಿ ಅವಳ ಹಣೆಯ ಬೊಟ್ಟನ್ನೂ ಮುಖವನ್ನೂ ನೋಡಿದಳು. "ನೀವು ಎಲ್ಲಿಯವರು?"

"ಫರಂಗಿಪೇಟೆ."

ಅಷ್ಟರವರೆಗೆ ಗಟ್ಟಿಯಾಗಿ ನಿಂತಿದ್ದವಳು ನೆಲದ ಮೇಲೆ ಕುಸಿದು ಕೂತು ಅತ್ತಳು. ಪುಂಜಾಲಕಟ್ಟೆಯವಳು. ಗಂಡ ಇನ್ನೊಬ್ಬಳ ಜೊತೆ ಹೋಗಿದ್ದ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಎಂದು ಹೇಳಿ ಏಜೆಂಟನೊಬ್ಬ ಕಳಿಸಿದ್ದ. ಇಳಿದ ಮೇಲೆ ಗೊತ್ತಾಯಿತು, ಕೆಲಸ ಮನೆಯೊಂದರಲ್ಲಿ. ಪಾಸ್‌ಪೋರ್ಟು ಕಿತ್ತುಕೊಂಡರು, ಫೋನು ಕಿತ್ತುಕೊಂಡರು. ಬಿಳಿ ಅಂಗಿಯ ಮೇಲೆ ಕಲೆ ಉಳಿಯಿತೆಂದು ಮನೆಯೊಡತಿ ಇಸ್ತ್ರಿಪೆಟ್ಟಿಗೆಯನ್ನು ಕೈಗೇ ಒತ್ತಿದಳು. ಬೆನ್ನಿಗೂ ಒತ್ತಿದ್ದಳು. ನೀರಿನ ಟ್ಯಾಂಕರು ಬಂದಾಗ ಗೇಟು ತೆರೆದಿತ್ತು, ಓಡಿ ಬಂದಳು.

ಅಂಥ ಹೆಂಗಸರು ಮೊದಲೂ ಬಂದಿದ್ದರು. ಆದರೆ ಈ ಮನೆಯ ಯಜಮಾನ ಆ ದೇಶದ ಗೃಹ ಇಲಾಖೆಯ ದೊಡ್ಡ ಅಧಿಕಾರಿ. ಮರುದಿನವೇ ಐಸಮ್ಮ ಚಿನ್ನದ ಬಳೆ ಕದ್ದು ಓಡಿದ್ದಾಳೆ ಎಂದು ಅವನು ದೂರು ಕೊಟ್ಟ. ಅವಳನ್ನು ಒಪ್ಪಿಸಿ ಎಂದು ಅಲ್ಲಿಯ ವಿದೇಶಾಂಗ ಇಲಾಖೆಯಿಂದ ಫೋನು ಬಂತು. ನಮ್ಮ ರಾಯಭಾರಿ ಶಶಿಪ್ರಭಾಳನ್ನು ಕರೆಸಿದರು. ಅವರು ಮೆದು ಮಾತಿನ ಮನುಷ್ಯ, ಯಾರ ಮೇಲೂ ಧ್ವನಿ ಎತ್ತಿದವರಲ್ಲ.

"ಮುಂದಿನ ವಾರ ನಮ್ಮ ಮಂತ್ರಿಗಳು ಬರುತ್ತಿದ್ದಾರೆ" ಎಂದರು. "ಕಾರ್ಮಿಕರ ಒಪ್ಪಂದಕ್ಕೆ ಸಹಿ ಆಗಬೇಕು. ಅದರಿಂದ ಇಲ್ಲಿರುವ ಲಕ್ಷಗಟ್ಟಲೆ ನಮ್ಮವರಿಗೆ ಒಳ್ಳೆಯದಾಗುತ್ತದೆ. ಇಂಥ ಹೊತ್ತಿನಲ್ಲಿ ಒಬ್ಬ ಹೆಂಗಸಿಗಾಗಿ ಎಲ್ಲವನ್ನೂ ಕೆಡಿಸಲು ಸಾಧ್ಯವೇ? ನೀವೇ ಹೇಳಿ."

ಅದು ಸುಳ್ಳು ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು. ಅದೇ ಕಷ್ಟ. "ಆ ಒಪ್ಪಂದದಲ್ಲಿ ಮನೆಕೆಲಸದ ಹೆಂಗಸರ ಬಗ್ಗೆ ಏನು ಬರೆದಿದೆ ಸರ್?"

"ಅದು ಮುಂದಿನ ಹಂತದಲ್ಲಿ."

"ಹಾಗಾದರೆ ಈ ಹೆಂಗಸು ನೀವು ಹೇಳುವ ಆ ಲಕ್ಷದಲ್ಲಿ ಸೇರಲೇ ಇಲ್ಲ."

ರಾಯಭಾರಿಗಳು ಕಿಟಕಿಯ ಕಡೆ ನೋಡಿದರು. "ನಾಳೆ ಬೆಳಿಗ್ಗೆ ಅವಳನ್ನು ಠಾಣೆಗೆ ಒಪ್ಪಿಸಿ. ಕಾನೂನು ತನ್ನ ದಾರಿಯಲ್ಲಿ ಹೋಗಲಿ."

"ಕರೆದುಕೊಂಡು ಹೋಗುತ್ತೇನೆ ಸರ್. ಬಿಟ್ಟು ಬರುವುದಿಲ್ಲ."

"ಅಂದರೆ?"

"ಅವಳು ಹೊರಗೆ ಬರುವವರೆಗೆ ಅವಳ ಪಕ್ಕದಲ್ಲಿ ಕೂತಿರುತ್ತೇನೆ."

"ಶಶಿಪ್ರಭಾ, ನೀವು ಅಲ್ಲಿ ಕೂತರೆ ಭಾರತ ಸರಕಾರ ಕೂತ ಹಾಗೆ."

"ಅದಕ್ಕೇ ಕೂರುತ್ತೇನೆ ಸರ್."

ಕೆಳಗೆ ಬಂದು ಐಸಮ್ಮನಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. "ಇಲ್ಲೇ ಉಳಿದರೆ, ನಾನಿಲ್ಲದ ಒಂದು ದಿನ ನಿನ್ನನ್ನು ಗೇಟಿನ ಹೊರಗೆ ಬಿಟ್ಟಾರು. ಕಳ್ಳಿ ಎಂಬ ಹೆಸರೂ ಉಳಿಯುತ್ತದೆ. ಹೋಗಿ ಎದುರಿಸಿದರೆ ಜೈಲೂ ಆಗಬಹುದು, ಬಿಡುಗಡೆಯೂ ಆಗಬಹುದು. ನಿನ್ನ ಇಷ್ಟ."

"ನೀವು ಬರ್ತೀರಾ?"

"ಬರ್ತೇನೆ."

"ಹಾಗಾದ್ರೆ ಹೋಗುವ" ಎಂದಳು ಐಸಮ್ಮ.

ಠಾಣೆಯಲ್ಲಿ ಅವರಿಗಿಂತ ಮುಂಚೆ ಯಜಮಾನ ಬಂದು ಕೂತಿದ್ದ. ಶುಭ್ರ ಬಿಳಿ ನಿಲುವಂಗಿ, ಕೋಣೆ ತುಂಬ ಅತ್ತರಿನ ವಾಸನೆ. ದುಭಾಷಿಯನ್ನೂ ಅವನೇ ಕರೆತಂದಿದ್ದ. ಮೇಜಿನ ಹಿಂದೆ ಒಬ್ಬ ಯುವ ಅಧಿಕಾರಿ. ಶಶಿಪ್ರಭಾ ಐಸಮ್ಮನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತಳು.

ಅಧಿಕಾರಿ ಪ್ರಶ್ನೆ ಕೇಳಿದ. ದುಭಾಷಿ ಹಿಂದಿಯಲ್ಲಿ ಕೇಳಿದ. ಐಸಮ್ಮ ತನಗೆ ಬಂದ ಹಿಂದಿಯಲ್ಲಿ, ಬಳೆ ನಾನು ನೋಡಿಯೇ ಇಲ್ಲ ಎಂದಳು. ದುಭಾಷಿ ಅರಬ್ಬಿಯಲ್ಲಿ ಹೇಳಿದ, "ಬಳೆ ಎಲ್ಲಿಟ್ಟೆನೋ ನೆನಪಿಲ್ಲ ಅನ್ನುತ್ತಾಳೆ."

"ಅವಳು ಹಾಗೆ ಹೇಳಲಿಲ್ಲ" ಎಂದಳು ಶಶಿಪ್ರಭಾ, ಅರಬ್ಬಿಯಲ್ಲಿ.

ಅಷ್ಟು ಶುದ್ಧ ಅರಬ್ಬಿ ಆ ಸೀರೆಯಿಂದ ಬರುತ್ತದೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ. ಅವಳು ಮುಂದುವರಿಸಿದಳು. "ನಿಮ್ಮ ದೇಶದ ಕಾನೂನು ಒಳ್ಳೆಯ ಕಾನೂನು. ಆರೋಪ ಹೊತ್ತವರ ಹೇಳಿಕೆಯನ್ನು ಅವರ ಸ್ವಂತ ಭಾಷೆಯಲ್ಲೇ ಪಡೆಯಬೇಕು ಎನ್ನುತ್ತದೆ. ಇವಳ ಭಾಷೆ ಹಿಂದಿ ಅಲ್ಲ, ಬ್ಯಾರಿ. ಸರಕಾರ ಒಪ್ಪಿದ ಬ್ಯಾರಿ ದುಭಾಷಿಯನ್ನು ಕರೆಸಿ. ಅಲ್ಲಿಯವರೆಗೆ ಇವಳು ಯಾವುದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ."

ಅಧಿಕಾರಿ ಅಂಥ ಭಾಷೆಯ ಹೆಸರೇ ಕೇಳಿರಲಿಲ್ಲ. ಅಲ್ಲಿ ಇಲ್ಲಿ ವಿಚಾರಿಸಿ, ಬ್ಯಾರಿಗೆ ಹತ್ತಿರದ ಭಾಷೆಯೆಂದು ಒಬ್ಬ ಮಲಯಾಳಿ ದುಭಾಷಿಯನ್ನು ಕರೆಸಿದ. ಐಸಮ್ಮ ಈಗ ಬ್ಯಾರಿಯಲ್ಲಿ ಧಾರಾಳವಾಗಿ ಮಾತಾಡಿದಳು. ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಂತು. ಆ ದುಭಾಷಿ ಪ್ರಾಮಾಣಿಕ. ತಲೆ ಕೆರೆದುಕೊಂಡು, "ಅರ್ಧ ಅರ್ಥವಾಗುತ್ತದೆ ಸಾಹೇಬರೇ. ಇನ್ನರ್ಧಕ್ಕೆ ನಾನು ಸಹಿ ಹಾಕಲಾರೆ" ಎಂದ.

"ಈ ಹೆಂಗಸು ಬೇಕೆಂದೇ ಕಾಲ ಕಳೆಯುತ್ತಿದ್ದಾಳೆ" ಎಂದ ಯಜಮಾನ, ಶಶಿಪ್ರಭಾಳ ಕಡೆ ಬೊಟ್ಟು ಮಾಡಿ.

"ಹೌದು" ಎಂದಳು ಅವಳು. "ಕಾಲ ಉಂಟು ನನ್ನ ಹತ್ತಿರ. ದುಭಾಷಿ ಸಿಗುವವರೆಗೆ ಸುಮ್ಮನೆ ಕೂರುವುದೇಕೆ? ಇವಳನ್ನು ಸರಕಾರಿ ವೈದ್ಯರಿಗೆ ತೋರಿಸಿ."

ಕಚೇರಿಯಿಂದ ಅವಳ ಫೋನಿಗೆ ಒಂದರ ಮೇಲೊಂದು ಕರೆ ಬಂತು. ಪ್ರತಿ ಸಲವೂ ಎತ್ತಿ, "ಠಾಣೆಯಲ್ಲಿದ್ದೇನೆ" ಎಂದಷ್ಟೇ ಹೇಳಿ ಇಟ್ಟಳು. ಯುವ ಅಧಿಕಾರಿ ಐಸಮ್ಮನ ಕೈಯ ಬಟ್ಟೆಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಬಿಚ್ಚಲು ಹೇಳಿದ. ನೋಡಿದ. ತಕ್ಷಣ ಕಣ್ಣು ತಗ್ಗಿಸಿ ಆಸ್ಪತ್ರೆಗೆ ಚೀಟಿ ಬರೆದ. ಯಜಮಾನನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಯಜಮಾನ ಶಶಿಪ್ರಭಾಳನ್ನು ತಡೆದು ನಿಲ್ಲಿಸಿದ. "ನಿನ್ನ ಬಗ್ಗೆ ನಿಮ್ಮ ಸರಕಾರಕ್ಕೆ ತಿಳಿಸುತ್ತೇನೆ. ಈ ಊರಿನಲ್ಲಿ ನೀನು ಹೆಚ್ಚು ದಿನ ಇರುವುದಿಲ್ಲ."

"ತಿಳಿಸಿ. ಹೆಸರು ಮಾತ್ರ ಸರಿಯಾಗಿ ಬರೆಯಿರಿ" ಎಂದಳು. "ಅರಬ್ಬಿಯಲ್ಲಿ ಪ ಅಕ್ಷರ ಇಲ್ಲ, ತಪ್ಪಾದೀತು. ಬೇಕಾದರೆ ನಾನೇ ಬರೆದು ಕೊಡುತ್ತೇನೆ."

ಆಸ್ಪತ್ರೆಯಲ್ಲಿ ಈಜಿಪ್ಟಿನ ವೈದ್ಯೆಯೊಬ್ಬಳು ಐಸಮ್ಮನ ಬೆನ್ನು ನೋಡಿ, ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರ ಹಾಗೇ ಮೂಡಿದೆ ಎಂದು ವರದಿ ಬರೆದಳು. ಅದು ನ್ಯಾಯಾಲಯಕ್ಕೆ ಹೋದರೆ ಬಳೆಯ ಮಾತು ನಿಲ್ಲುವುದಿಲ್ಲ ಎಂದು ಯಜಮಾನನಿಗೆ ತಿಳಿಯದೆ ಇರಲಿಲ್ಲ. ವಾರ ತುಂಬುವ ಮೊದಲೇ ದೂರು ಹಿಂದಕ್ಕೆ ಹೋಯಿತು, ಪಾಸ್‌ಪೋರ್ಟು ಬಂತು. ಅಷ್ಟೂ ದಿನ ಶಶಿಪ್ರಭಾ ಠಾಣೆಯ ಹೆಂಗಸರ ಕೋಣೆಯಲ್ಲಿ ಐಸಮ್ಮನ ಜೊತೆಗೇ ಇದ್ದಳು. ಸ್ನಾನಕ್ಕೆ ಮಾತ್ರ ಮನೆಗೆ ಹೋಗಿ ಬರುತ್ತಿದ್ದಳು.

ಮಂತ್ರಿಗಳು ಬಂದರು, ಒಪ್ಪಂದಕ್ಕೆ ಸಹಿ ಆಯಿತು, ಖರ್ಜೂರ ತಿಂದು ಹೋದರು. ಆಕಾಶ ಕಳಚಿ ಬೀಳಲಿಲ್ಲ. ಐಸಮ್ಮ ಊರಿಗೆ ಬಂದು ಬಂಟ್ವಾಳದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಬಿದ್ದದ್ದು ಶಶಿಪ್ರಭಾ. ಅವಧಿ ಮುಗಿಯುವ ಮೊದಲೇ ದೆಹಲಿಗೆ ವರ್ಗ. ಹಳೆಯ ಕಡತಗಳನ್ನು ಯಾವುದು ಇಡಬೇಕು, ಯಾವುದು ಸುಡಬೇಕು ಎಂದು ವಿಂಗಡಿಸುವ ವಿಭಾಗ. ಕಿಟಕಿಯಿಲ್ಲದ ಕೋಣೆ. ಅವಳ ನಂತರ ಸೇರಿದವರೆಲ್ಲ ಅವಳನ್ನು ದಾಟಿ ಮೇಲೆ ಹೋದರು. ದಾರಿಯಲ್ಲಿ ಸಿಕ್ಕಾಗ ಕೆಲವರು ಮರುಕದಿಂದ, ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು ಎನ್ನುತ್ತಿದ್ದರು. ರಾತ್ರಿ ಮನೆಗೆ ಬಂದು ಒಬ್ಬಳೇ ಉಣ್ಣುವಾಗ ಅವಳಿಗೂ ದುಃಖ ಬರುತ್ತಿತ್ತು. ಆದರೆ ಪಶ್ಚಾತ್ತಾಪ ಬರಲಿಲ್ಲ. ಎರಡೂ ಒಂದೇ ಅಲ್ಲ ಎಂದು ಆ ಕೋಣೆಯಲ್ಲಿ ಅವಳು ಚೆನ್ನಾಗಿ ತಿಳಿದುಕೊಂಡಳು.

ಎಷ್ಟೋ ವರ್ಷ ಮಾತು ಬಿಟ್ಟಿದ್ದ ಅಣ್ಣು ಮಾವ ಫೋನು ಮಾಡಿದರು. "ಬಿಟ್ಟು ಬಾ ಮಾರಾಯ್ತಿ. ನಾರಾವಿಯಲ್ಲಿ ನಿನಗೆ ಊಟಕ್ಕೆ ಕಮ್ಮಿಯಾ? ಅವರ ಕಾಲ ಬುಡದಲ್ಲಿ ಯಾಕೆ ಬಿದ್ದಿದ್ದಿ?"

"ಅವರಿಗೆ ಬೇಡ ಇದ್ದರೆ ಅವರೇ ತೆಗೆಯಲಿ ಮಾವ. ನಾನಾಗಿ ಹೋಗುವುದಿಲ್ಲ."

ಇತ್ತ ಫರಂಗಿಪೇಟೆಯಲ್ಲಿ ಒಂದು ಸಂಗತಿ ನಡೆಯಿತು. ಹಳೆಯ ಗಿರಾಕಿಯೊಬ್ಬ ಚಹಾ ಹೀರುತ್ತ, "ನಿಮ್ಮ ಮಗಳನ್ನು ಮೂಲೆಗೆ ಹಾಕಿದ್ದಾರಂತಲ್ಲ ಶೀನಪ್ಪಣ್ಣ? ಯಾರೋ ಒಬ್ಬಳಿಗೋಸ್ಕರ ಯಾಕೆ ಬೇಕಿತ್ತು ಅದು?" ಎಂದ. ಶೀನಪ್ಪ ಅವನ ಮುಂದಿನಿಂದ ಅರ್ಧ ಕುಡಿದ ಗ್ಲಾಸನ್ನು ಎತ್ತಿಕೊಂಡ. "ನಿನಗೆ ಇಲ್ಲಿ ಚಹಾ ಇಲ್ಲ" ಎಂದ. ಹೋಟೆಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಆ ಮನುಷ್ಯ ನಗೆಚಾಟಿಕೆಯೆಂದು ಬಗೆದು ಕಾದ. ಶೀನಪ್ಪ ಗ್ಲಾಸನ್ನು ತೊಳೆಯಲು ಹಾಕಿ ಬಂದು, ಅವನು ಎದ್ದು ಹೋಗುವವರೆಗೆ ಅಲ್ಲೇ ನಿಂತ. ಕಾವೇರಮ್ಮ ಇದನ್ನು ಫೋನಿನಲ್ಲಿ ಹೇಳಿದಾಗ ಶಶಿಪ್ರಭಾ ಇನ್ನೊಮ್ಮೆ ಮೊದಲಿನಿಂದ ಹೇಳಿಸಿದಳು.

ಸೇವೆಯ ಕೊನೆಯ ವರ್ಷಗಳಲ್ಲಿ, ಇನ್ನು ತಪ್ಪಿಸಲು ಸಾಧ್ಯವೇ ಇಲ್ಲ ಎನ್ನುವಾಗ, ಅವಳನ್ನು ರಾಯಭಾರಿ ಮಾಡಿದರು. ಪಶ್ಚಿಮ ಆಫ್ರಿಕದ ಕರಾವಳಿಯ ಒಂದು ಸಣ್ಣ ದೇಶ. ಹೋಗಲು ಯಾರೂ ಮುಂದೆ ಬಂದಿರಲಿಲ್ಲ. ವಿದ್ಯುತ್ತು ಬಂದರೆ ಬಂತು. ಆದರೆ ಬಂದರಿನಲ್ಲಿ ಗೋಣಿಚೀಲ ಕಂಡಾಗ ಅವಳಿಗೆ ನಗು ಬಂತು. ಅದು ಗೇರುಬೀಜ, ಮಂಗಳೂರಿನ ಕಾರ್ಖಾನೆಗಳಿಗೆ ಹೊರಟದ್ದು. ತಮ್ಮೂರಿನ ಹೆಂಗಸರ ಕೈಗೆ ಸೇರುವ ಬೀಜ ಹೊರಡುವ ಊರಿಗೇ ಬಂದಿದ್ದಳು.

ಅಲ್ಲಿಯ ಗೇರುಬೀಜದ ವ್ಯಾಪಾರದಲ್ಲಿ ನಮ್ಮ ದೇಶದವನೇ ಒಬ್ಬ ದೊಡ್ಡ ಕುಳ. ಗಣರಾಜ್ಯೋತ್ಸವದ ಔತಣದ ಖರ್ಚೆಲ್ಲ ಪ್ರತಿ ವರ್ಷ ಅವನದ್ದೇ. ಅವನ ಗೋದಾಮಿನಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರ ಪಾಸ್‌ಪೋರ್ಟುಗಳನ್ನು ಅವನು ಬೀಗ ಹಾಕಿ ಇಟ್ಟುಕೊಂಡಿದ್ದ. ಹೊಸ ರಾಯಭಾರಿಗೆ ಅಭಿನಂದನೆ ಹೇಳಲು ಬುಟ್ಟಿ ತುಂಬ ಹಣ್ಣು ಹಿಡಿದು ಬಂದ.

"ಈ ಸಲವೂ ಔತಣ ನನ್ನದೇ ಮೇಡಂ."

"ಈ ಸಲ ನಾವು ಉಪ್ಪಿಟ್ಟು ಚಹಾ ಮಾಡ್ತೇವೆ" ಎಂದಳು ಶಶಿಪ್ರಭಾ. "ನೀವು ಹುಡುಗರ ಪಾಸ್‌ಪೋರ್ಟು ತಂದುಕೊಡಿ."

ಅವನು ದೆಹಲಿಗೆ ಫೋನು ಮಾಡಿಸಿದ. ಅವಳು ಅಲ್ಲಿಯ ಕಾರ್ಮಿಕ ಮಂತ್ರಿಯನ್ನು ಕರೆದುಕೊಂಡು ಗೋದಾಮಿಗೇ ಹೋದಳು. ಪಾಸ್‌ಪೋರ್ಟು ಹುಡುಗರ ಕೈಗೆ ಬಂತು. ಆ ವರ್ಷದ ಗಣರಾಜ್ಯೋತ್ಸವದಲ್ಲಿ ನಿಜಕ್ಕೂ ಉಪ್ಪಿಟ್ಟನ್ನೇ ಬಡಿಸಿದರು, ಅದೂ ಸ್ವಲ್ಪ ತಳ ಹಿಡಿದದ್ದು. ಆ ಕುಳ ಬರಲಿಲ್ಲ, ಗೋದಾಮಿನ ಹುಡುಗರು ಬಂದರು.

ನಿವೃತ್ತಿಯಾಗಿ ಊರಿಗೆ ಬರುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಹೋಟೆಲಿದ್ದ ಜಾಗ ಹೆದ್ದಾರಿ ಅಗಲವಾದಾಗ ರಸ್ತೆಗೆ ಹೋಗಿತ್ತು. ಅವಳು ಮೂಡಬಿದಿರೆಯಲ್ಲಿ ಬಾಡಿಗೆ ಮನೆ ಹಿಡಿದಳು. ಸನ್ಮಾನಗಳಾದವು; ಶಾಲುಗಳನ್ನು ಮನೆಕೆಲಸಕ್ಕೆ ಬರುವವಳ ಸಂಬಂಧಿಕರೆಲ್ಲ ಹೊದ್ದುಕೊಂಡರು.

ಕಳೆದ ವರ್ಷ ನಾರಾವಿ ಕಡೆಯ ಪ್ರಫುಲ್ಲಾ ಎಂಬವಳು ಮಗಳು ಮೋಕ್ಷಿತಾಳನ್ನು ಕರೆದುಕೊಂಡು ಬಂದಳು. ಮೋಕ್ಷಿತಾ ಬ್ಯೂಟಿಷಿಯನ್ ಕೋರ್ಸು ಮಾಡಿದವಳು. ಬೆಳ್ತಂಗಡಿಯ ಏಜೆಂಟನೊಬ್ಬ ಕೊಲ್ಲಿಯಲ್ಲಿ ಬ್ಯೂಟಿ ಪಾರ್ಲರಿನ ಕೆಲಸ ಕೊಡಿಸುತ್ತಾನಂತೆ. ಮಗಳು ಹೊರಡುವ ಮೊದಲು, ಆ ದೇಶಗಳನ್ನೆಲ್ಲ ನೋಡಿ ಬಂದವರ ಆಶೀರ್ವಾದ ಇರಲಿ ಎಂದು ತಾಯಿಗೆ ಆಸೆ. ಶಶಿಪ್ರಭಾ ವೀಸಾದ ಪ್ರತಿ ತೆಗೆದು ನೋಡಿದಳು.

"ಇದು ಊರು ನೋಡಿ ಬರುವ ವೀಸಾ. ಕೆಲಸದ್ದಲ್ಲ. ಪಾಸ್‌ಪೋರ್ಟು ಎಲ್ಲಿ?"

"ಅವರ ಹತ್ತಿರವೇ ಉಂಟು" ಎಂದಳು ಮೋಕ್ಷಿತಾ.

"ಏಳು, ಹೋಗುವ."

ಏಜೆಂಟನ ಕಚೇರಿ ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನ ಹತ್ತಿರ, ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ. ಅವನು ನಗುನಗುತ್ತ ಬರಮಾಡಿಕೊಂಡ. ಪಾಸ್‌ಪೋರ್ಟು ಕೇಳಿದರೆ, ನಾಳೆ ಕೊಡುತ್ತೇನೆ ಎಂದ. ಈಗ ಎಂದಳು ಶಶಿಪ್ರಭಾ. ಅದು ಮಂಗಳೂರಿನಲ್ಲುಂಟು ಎಂದ. ಹಾಗಾದರೆ ಮಂಗಳೂರಿಗೆ ಹೋಗುವ, ನಿಮ್ಮ ಕಾರಿನಲ್ಲೇ ಎಂದಳು. ಮೇಜಿನ ಡ್ರಾಯರಿನಲ್ಲೇ ಇತ್ತು. ಅವನು ಕೊಟ್ಟಾಗ, ಬಾಗಿಲ ಬಳಿ ಕಾಯುತ್ತಿದ್ದ ಇನ್ನಿಬ್ಬರು ಹೆಂಗಸರೂ ಎದ್ದು ಬಂದು ಕೈ ಚಾಚಿದರು.

ಅವಳು ಅಲ್ಲಿಗೆ ಬಿಡಲಿಲ್ಲ. ಠಾಣೆಗೆ ದೂರು ಕೊಟ್ಟಳು, ವಿದೇಶಾಂಗ ಇಲಾಖೆಗೂ ಬರೆದಳು. ಏಜೆಂಟ ಅಲ್ಲಿಯ ಮುಖಂಡನೊಬ್ಬನ ಭಾವ. ಎರಡನೆಯ ವಾರ ಅಣ್ಣು ಮಾವನ ಮಗ ಶೋಧನ್ ಕಾರು ಮಾಡಿಕೊಂಡು ಬಂದ. ಯಾರೋ ಕಳಿಸಿದ್ದಾರೆ ಎಂದು ಮುಖದಲ್ಲೇ ಬರೆದಿತ್ತು.

"ಅಕ್ಕ, ನಿವೃತ್ತಿ ಆಯ್ತಲ್ಲ. ಇನ್ನಾದರೂ ಆರಾಮಾಗಿರಿ. ಅವರು ಸರಿಯಿಲ್ಲದ ಜನ. ನೀವು ಇಲ್ಲಿ ಒಬ್ಬರೇ ಇರುವುದು."

"ನಿವೃತ್ತಿ ಆದದ್ದು ಸಂಬಳಕ್ಕೆ ಮಾರಾಯ. ಬಾಯಿಗಲ್ಲ."

"ನಾನು ಏನು ಹೇಳಲಿ ಅವರಿಗೆ?"

"ನಾನು ಹೇಳಿದ್ದನ್ನೇ ಹೇಳು. ಸೇರಿಸಬೇಡ, ಬಿಡಬೇಡ."

ಶೋಧನ್ ಚಹಾ ಕುಡಿದು ಹೋದ. ಒಂದು ಬೆಳಿಗ್ಗೆ ಗೇಟಿನ ಮುಂದೆ ಯಾರೋ ಬಾಟಲಿ ಒಡೆದು ಹಾಕಿದ್ದರು. ಶಶಿಪ್ರಭಾ ಗಾಜು ಗುಡಿಸಿ, ಅದರದ್ದೂ ಒಂದು ದೂರು ಕೊಟ್ಟು ಬಂದಳು. ಹೆದರಿಕೆ ಆಗಲಿಲ್ಲವೆಂದಲ್ಲ, ಆ ವಾರ ಹಿತ್ತಿಲ ಬಾಗಿಲಿಗೆ ಎರಡು ಚಿಲಕ ಹಾಕಿಸಿದಳು. ಮೋಕ್ಷಿತಾ ಮೂಡಬಿದಿರೆಯಲ್ಲೇ ಪಾರ್ಲರಿನಲ್ಲಿ ಕೆಲಸ ಹಿಡಿದು, ಸಂಜೆ ಅವಳ ಮನೆಗೆ ಬರತೊಡಗಿದಳು. ಕೊಲ್ಲಿಗೆ ಹೊರಟ ಹೆಂಗಸರು ಇಬ್ಬರ ಬಳಿಯೂ ಕೇಳಲು ಬರುತ್ತಿದ್ದರು. ಸರಿಯಾದ ವೀಸಾ ಇದ್ದವರಿಗೆ, ಹೋಗಿ ಬಾ, ದೂತಾವಾಸದ ನಂಬರು ಬಾಯಿಪಾಠ ಮಾಡಿಕೋ ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಪರವಾನಗಿಯಿಲ್ಲದ ವ್ಯವಹಾರವೆಂದು ಪೊಲೀಸರು ಏಜೆಂಟನ ಮೇಲೆ ಕೇಸು ಹಾಕಿದರು. ಬೆಳ್ತಂಗಡಿಯ ಕಚೇರಿಗೆ ಬೀಗ ಬಿತ್ತು. ಅವನು ಜಾಮೀನಿನ ಮೇಲೆ ಹೊರಗೆ ಬಂದ.

ಇತ್ತೀಚೆಗೆ ಒಂದು ಬೆಳಿಗ್ಗೆ ಮೋಕ್ಷಿತಾ ಏದುಸಿರು ಬಿಡುತ್ತ ಬಂದಳು. ಮೂಡಬಿದಿರೆಯ ಪೇಟೆಯಲ್ಲೇ, ಹೆಂಡತಿಯ ಹೆಸರಿನಲ್ಲಿ, ಅವನು ಹೊಸ ಅಂಗಡಿ ತೆರೆದಿದ್ದಾನಂತೆ. ಆಗಲೇ ನಾಲ್ಕಾರು ಹೆಂಗಸರು ಒಳಗೆ ಕೂತಿದ್ದಾರಂತೆ.

"ಈಗ ಎಂತ ಮಾಡುದು ಮೇಡಂ? ಪುನಃ ಶುರುವಿಂದ ಆಯ್ತಲ್ಲ."

ಶಶಿಪ್ರಭಾ ಓದುತ್ತಿದ್ದ ಪತ್ರಿಕೆ ಮಡಚಿದಳು. "ಅವನಿಗೆ ಬೇಜಾರಿಲ್ಲ, ನಮಗೆ ಯಾಕೆ?" ಎಂದಳು. "ಈ ಸಲ ಹತ್ತಿರ ಬಂದದ್ದು ಒಳ್ಳೇದಾಯ್ತು. ಬಸ್ಸು ಹಿಡಿಯುವ ರಗಳೆ ಇಲ್ಲ." ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ, ಹುಡುಗಿಯನ್ನು ಕರೆದುಕೊಂಡು ಪೇಟೆಯ ಕಡೆ ನಡೆದಳು.